ಸವಳು ಭೂಮಿಗೆ ಜಿಪ್ಸಂ ಎಷ್ಟು? ಮಣ್ಣಿನ ವರದಿಯ ಲೆಕ್ಕ ಬಿಡಿಸುವ ಬಗೆ



ಗಂಗಾವತಿ ಸೀಮೆಯಲ್ಲಿ ಕಾಲುವೆ ಕೆಳಗಿನ ಎರೆ ಹೊಲಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಗದ್ದೆಯ ಮೂರು ಪಾಲಿನಲ್ಲಿ ಭತ್ತ ಹಸಿರಾಗಿ ನಿಂತಿರುತ್ತದೆ. ಉಳಿದ ಒಂದು ಪಾಲಿನಲ್ಲಿ ಮಾತ್ರ ನಾಟಿ ಮಾಡಿದ ಸಸಿ ಬೇರೂರುವುದಿಲ್ಲ, ತುದಿ ಸುಟ್ಟು ಒಣಗುತ್ತದೆ. ಮತ್ತೆ ನಾಟಿ ಮಾಡಿದರೂ ಅದೇ ಹಾಡು. ಯೂರಿಯ ಹೆಚ್ಚಿಗೆ ಎರಚಿದರೂ ಫಲವಿಲ್ಲ. ವರ್ಷದಿಂದ ವರ್ಷಕ್ಕೆ ಆ ಬೋಳು ಜಾಗ ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ಯಾರೋ "ಜಿಪ್ಸಂ ಹಾಕಿ" ಎನ್ನುತ್ತಾರೆ. ಎಷ್ಟು ಎಂದು ಕೇಳಿದರೆ ಒಬ್ಬರು ಹತ್ತು ಚೀಲ ಎನ್ನುತ್ತಾರೆ, ಇನ್ನೊಬ್ಬರು ಒಂದು ಲಾರಿ ಎನ್ನುತ್ತಾರೆ. ಮಣ್ಣು ಪರೀಕ್ಷೆ ಮಾಡಿಸಿದರೆ ಬರುವ ವರದಿಯಲ್ಲಿ ಚೀಲವೂ ಇಲ್ಲ, ಲಾರಿಯೂ ಇಲ್ಲ. "ವಿನಿಮಯ ಸೋಡಿಯಂ ಇಷ್ಟು ಸೆಂಟಿಮೋಲ್" ಎಂದು ಬರೆದಿರುತ್ತದೆ. ಹಳೆಯ ವರದಿಯಾದರೆ "ಇಷ್ಟು ಮಿಲಿ ಈಕ್ವಿವಲೆಂಟ್" ಎಂದಿರುತ್ತದೆ. ಅಲ್ಲಿಗೆ ವರದಿಯನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡುವವರೇ ಹೆಚ್ಚು.

ಈ ವಾರ ಆ ವರದಿಯನ್ನು ಬಿಚ್ಚಿ ನೋಡೋಣ. ಅದರಲ್ಲಿರುವುದು ಎಣಿಕೆ, ಅಂಗಡಿಯಲ್ಲಿ ಸಿಗುವುದು ತೂಕ. ಎಣಿಕೆಯನ್ನು ತೂಕಕ್ಕೆ ಇಳಿಸಲು ಗೊತ್ತಾದರೆ ಎಷ್ಟು ಜಿಪ್ಸಂ ಬೇಕೆಂದು ನೀವೇ ಹೇಳಬಲ್ಲಿರಿ. ಇದಕ್ಕೆ ಶಾಲೆಯ ಗುಣಾಕಾರ ಭಾಗಾಕಾರ ಸಾಕು. ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಬರೆದುಕೊಳ್ಳಲಿ.

ರೋಗ ಯಾವುದು ಮೊದಲು ತಿಳಿಯಿರಿ

ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಎಡದಂಡೆ ಕಾಲುವೆಯ ಕೆಳಗೆ ಬಹುಪಾಲು ಭೂಮಿಗೆ ಲಘು ನೀರಾವರಿ ಬೆಳೆಗಳನ್ನೇ ಯೋಜಿಸಲಾಗಿತ್ತು. ಆದರೆ ಭತ್ತ ಬೇಗನೆ ಹಬ್ಬಿತು. ಎರೆ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಬಸಿಗಾಲುವೆ ಇಲ್ಲದ ಕಡೆ ಅಂತರ್ಜಲ ಮೇಲೇರಿತು, ತನ್ನೊಂದಿಗೆ ನೆಲದಾಳದ ಉಪ್ಪನ್ನೂ ಏರಿಸಿತು. ಹೀಗೆ ಕೆಟ್ಟ ಎಲ್ಲ ಭೂಮಿಯನ್ನೂ ನಾವು ಸವಳು ಎಂದೇ ಕರೆಯುತ್ತೇವೆ. ಆದರೆ ಈ ಒಂದು ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳಿವೆ.

ಮೊದಲನೆಯದು ಬರೀ ಉಪ್ಪಿನ ಸವಳು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಅರಳುತ್ತದೆ. ಪ್ರಯೋಗಾಲಯದಲ್ಲಿ ಮಣ್ಣನ್ನು ನೀರಿನಲ್ಲಿ ಕೆಸರು ಕಲಸಿ ಅದರಿಂದ ಹಿಂಡಿ ತೆಗೆದ ತಿಳಿಯ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ದಾಟಿರುತ್ತದೆ, ರಸಸಾರ 8.5ರ ಒಳಗೆ ಇರುತ್ತದೆ. ಇದಕ್ಕೆ ಮದ್ದು ಒಳ್ಳೆಯ ನೀರು ಮತ್ತು ಬಸಿಗಾಲುವೆ. ಇಂಥ ಹೊಲಕ್ಕೆ ಜಿಪ್ಸಂ ಹಾಕಿದರೆ ಹಣ ಮಣ್ಣುಪಾಲು.

ಎರಡನೆಯದು ಕ್ಷಾರ ಭೂಮಿ. ಇಲ್ಲಿ ಸೋಡಿಯಂ ಮಣ್ಣಿನ ಜೇಡಿ ಕಣಕ್ಕೇ ಅಂಟಿಕೊಂಡಿರುತ್ತದೆ. ಮಳೆ ಬಂದರೆ ನೀರು ಇಂಗದೆ ರಾಡಿಯಾಗಿ ನಿಲ್ಲುತ್ತದೆ. ಒಣಗಿದರೆ ನೆಲ ಕಲ್ಲಿನಂತಾಗಿ ರಂಟೆ ಇಳಿಯುವುದಿಲ್ಲ. ರಸಸಾರ 8.5 ದಾಟುತ್ತದೆ. ಕಣ ಹಿಡಿದಿಟ್ಟುಕೊಂಡ ಎಲ್ಲ ಅಂಶಗಳಲ್ಲಿ ಸೋಡಿಯಂ ಪಾಲು ಶೇಕಡಾ 15 ದಾಟಿದರೆ ಕ್ಷಾರ ಭೂಮಿ ಎಂದು ಹೇಳುವುದು ವಾಡಿಕೆ. ನಮ್ಮ ಎರೆ ಮಣ್ಣಿನಲ್ಲಿ ಜೇಡಿ ಹೆಚ್ಚಾದ್ದರಿಂದ ಆ ಮಟ್ಟ ಮುಟ್ಟುವ ಮೊದಲೇ ತೊಂದರೆ ಕಾಣಿಸುತ್ತದೆ. ಜಿಪ್ಸಂ ಬೇಕಾದದ್ದು ಈ ರೋಗಕ್ಕೆ. ಕೆಲವು ಹೊಲಗಳಲ್ಲಿ ಎರಡೂ ರೋಗ ಕೂಡಿಯೇ ಇರುವುದುಂಟು.

ಇನ್ನೊಂದು ಮಾತು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಫಲಿತಾಂಶವಿರುತ್ತದೆ. ರಸಸಾರ, ವಾಹಕತೆ, ರಂಜಕ, ಪೊಟ್ಯಾಷ್, ಸತು ಮುಂತಾದವು ಅದರಲ್ಲಿವೆ, ವಿನಿಮಯ ಸೋಡಿಯಂ ಇಲ್ಲ. ಚೀಟಿಯಲ್ಲಿ ರಸಸಾರ 8.5ಕ್ಕಿಂತ ಹೆಚ್ಚು ಬಂದಿದ್ದರೆ ವಿನಿಮಯ ಸೋಡಿಯಂ ಮತ್ತು ಜಿಪ್ಸಂ ಅಗತ್ಯ ಎಂಬ ಎರಡು ಪರೀಕ್ಷೆಗಳನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಸಂಶೋಧನೆಯನ್ನೇ ಮುಖ್ಯ ಕೆಲಸವಾಗಿ ಮಾಡಿಕೊಂಡು ಬಂದಿರುವ ಕೇಂದ್ರ. ಈಗ ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ವಿಚಾರಿಸಿರಿ.

ಮೋಲ್ ಎಂದರೇನು?

ಸಂತೆಯಲ್ಲಿ ಒಂದು ಡಜನ್ ನಿಂಬೆಹಣ್ಣು, ಒಂದು ಡಜನ್ ತೆಂಗಿನಕಾಯಿ ಕೊಂಡಿರಿ ಎಂದುಕೊಳ್ಳಿ. ಎಣಿಕೆಯಲ್ಲಿ ಎರಡೂ ಹನ್ನೆರಡೇ. ತೂಕ ಮಾತ್ರ ಒಂದೇ ಅಲ್ಲ. ಮೋಲ್ ಎಂಬುದೂ ಡಜನ್ನಿನಂತೆ ಒಂದು ಎಣಿಕೆ. ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದ್ದರಿಂದ ಈ ಎಣಿಕೆ ಬಹು ದೊಡ್ಡದು. 6ರ ಮುಂದೆ 23 ಸೊನ್ನೆ ಇಟ್ಟರೆ ಎಷ್ಟೋ ಸುಮಾರು ಅಷ್ಟು ಕಣಗಳು ಸೇರಿದರೆ ಒಂದು ಮೋಲ್.

ಇಷ್ಟನ್ನು ಎಣಿಸುವವರು ಯಾರು ಎಂದು ನೀವು ಕೇಳಬಹುದು. ಯಾರೂ ಎಣಿಸಬೇಕಿಲ್ಲ, ತೂಗಿದರೆ ಸಾಕು. ಪ್ರತಿ ಮೂಲವಸ್ತುವಿಗೂ ಒಂದು ಪರಮಾಣು ತೂಕವಿದೆ. ಆ ಅಂಕಿಯಷ್ಟು ಗ್ರಾಂ ತೂಗಿದರೆ ಅದರಲ್ಲಿ ಸರಿಯಾಗಿ ಒಂದು ಮೋಲ್ ಕಣಗಳಿರುತ್ತವೆ. ನಮಗೆ ಬೇಕಾದ ಅಂಕಿಗಳು ಕೆಲವೇ. ಗೋಡೆಗೆ ಬರೆದಿಡಿ:

ಜಲಜನಕ 1, ಇಂಗಾಲ 12, ಸಾರಜನಕ 14, ಆಮ್ಲಜನಕ 16, ಸೋಡಿಯಂ 23, ಗಂಧಕ 32, ಕ್ಯಾಲ್ಸಿಯಂ 40, ಸತು 65.4.

ಅಂದರೆ ಒಂದು ಮೋಲ್ ಸೋಡಿಯಂ 23 ಗ್ರಾಂ, ಒಂದು ಮೋಲ್ ಕ್ಯಾಲ್ಸಿಯಂ 40 ಗ್ರಾಂ ತೂಗುತ್ತದೆ. ಹಲವು ಮೂಲವಸ್ತು ಕೂಡಿದ ಸಂಯುಕ್ತವಾದರೆ ಎಲ್ಲವನ್ನೂ ಕೂಡಿಸಬೇಕು. ಜಿಪ್ಸಂ ಕಣವೊಂದರಲ್ಲಿ ಒಂದು ಕ್ಯಾಲ್ಸಿಯಂ, ಒಂದು ಗಂಧಕ, ನಾಲ್ಕು ಆಮ್ಲಜನಕ, ಜೊತೆಗೆ ಕಲ್ಲಿನೊಳಗೇ ಕಟ್ಟಿಬಿದ್ದ ಎರಡು ನೀರಿನ ಅಣು ಇರುತ್ತವೆ.

ಕ್ಯಾಲ್ಸಿಯಂ 40
ಗಂಧಕ 32
ಆಮ್ಲಜನಕ 4 × 16 = 64
ನೀರು 2 × 18 = 36
ಒಟ್ಟು 172

ಒಂದು ಮೋಲ್ ಜಿಪ್ಸಂ ಎಂದರೆ 172 ಗ್ರಾಂ. ಎಷ್ಟೇ ಮೋಲ್ ಇರಲಿ, 172ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. ಗ್ರಾಂ ಗೊತ್ತಿದ್ದರೆ 172ರಿಂದ ಭಾಗಿಸಿ, ಮೋಲ್ ಬರುತ್ತದೆ. ಸೂತ್ರವೆಲ್ಲ ಇಷ್ಟೇ. ಆ 36ರ ನೀರನ್ನು ಮಾತ್ರ ಮರೆಯಬಾರದು. ಮರೆತರೆ ಲೆಕ್ಕದಲ್ಲಿ ಶೇಕಡಾ 21ರಷ್ಟು ಜಿಪ್ಸಂ ಕಡಿಮೆ ಬೀಳುತ್ತದೆ.

ಒಂದು ಕ್ಯಾಲ್ಸಿಯಂಗೆ ಎರಡು ಸೋಡಿಯಂ

ಜೇಡಿ ಕಣವನ್ನು ದನದ ಕೊಟ್ಟಿಗೆ ಎಂದುಕೊಳ್ಳಿ. ಅಲ್ಲಿ ಗೂಟಗಳಿವೆ. ಸೋಡಿಯಂ ಒಂದು ಗೂಟಕ್ಕೆ ಕಟ್ಟಿದ ಕರುವಿನಂತೆ. ಕ್ಯಾಲ್ಸಿಯಂ ಎರಡು ಗೂಟ ಬೇಡುವ ಎತ್ತಿನಂತೆ. ಒಂದು ಕ್ಯಾಲ್ಸಿಯಂ ಒಳಗೆ ಬರಬೇಕಾದರೆ ಎರಡು ಸೋಡಿಯಂ ಹೊರಗೆ ಹೋಗಬೇಕು. ಆದುದರಿಂದ ಎರಡು ಮೋಲ್ ಸೋಡಿಯಂ ಬಿಡಿಸಲು ಒಂದು ಮೋಲ್ ಜಿಪ್ಸಂ ಸಾಕು. ತೂಕದಲ್ಲಿ ಹೇಳುವುದಾದರೆ 46 ಗ್ರಾಂ ಸೋಡಿಯಂಗೆ 172 ಗ್ರಾಂ ಜಿಪ್ಸಂ. ಕಿಲೋಗೆ ಕಿಲೋ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಗಮನಿಸಿ.

ಈಗ ವರದಿಯ ಮಾತಿಗೆ ಬರೋಣ. ಸೆಂಟಿಮೋಲ್ ಎಂದರೆ ಮೋಲಿನ ನೂರನೆಯ ಒಂದು ಪಾಲು. ವರದಿಯಲ್ಲಿ ಅದನ್ನು ಒಂದು ಕಿಲೋ ಮಣ್ಣಿಗೆ ಎಷ್ಟು ಎಂದು ಬರೆದಿರುತ್ತಾರೆ. ನಮ್ಮ ಹೋಲಿಕೆಯಲ್ಲಿ ಅದು ಸೋಡಿಯಂ ಹಿಡಿದ ಗೂಟಗಳ ಎಣಿಕೆ. ಹಳೆಯ ವರದಿಯಲ್ಲಿ 100 ಗ್ರಾಂ ಮಣ್ಣಿಗೆ ಇಷ್ಟು ಮಿಲಿ ಈಕ್ವಿವಲೆಂಟ್ ಎಂದಿದ್ದರೆ ಗಾಬರಿ ಬೇಡ. ಎರಡರ ಅಂಕಿಯೂ ಒಂದೇ.

ಒಂದು ಸೆಂಟಿಮೋಲ್ ಸೋಡಿಯಂ ಬಿಡಿಸಲು ಅರ್ಧ ಸೆಂಟಿಮೋಲ್ ಜಿಪ್ಸಂ ಬೇಕು. 172ನ್ನು ನೂರರಿಂದ ಭಾಗಿಸಿ ಅರ್ಧ ಮಾಡಿದರೆ 0.86 ಗ್ರಾಂ. ಅಂದರೆ ವರದಿಯ ಒಂದೊಂದು ಅಂಕಿಗೂ ಪ್ರತಿ ಕಿಲೋ ಮಣ್ಣಿಗೆ 0.86 ಗ್ರಾಂ ಜಿಪ್ಸಂ.

ಒಂದು ಎಕರೆ ನೆಲದ ಮೇಲ್ಮಣ್ಣು, ಅರ್ಧ ಅಡಿ ಆಳಕ್ಕೆ, ಸುಮಾರು 9 ಲಕ್ಷ ಕಿಲೋ ಎಂದು ಲೆಕ್ಕ ಹಿಡಿಯುವುದು ರೂಢಿ. 9 ಲಕ್ಷವನ್ನು 0.86ರಿಂದ ಗುಣಿಸಿದರೆ 7,74,000 ಗ್ರಾಂ, ಅಂದರೆ 774 ಕಿಲೋ. ಇದೊಂದು ಅಂಕಿಯನ್ನು ನೆನಪಿಡಿ: ಬಿಡಿಸಬೇಕಾದ ಪ್ರತಿ ಒಂದು ಸೆಂಟಿಮೋಲ್ ಸೋಡಿಯಂಗೆ ಎಕರೆಗೆ 774 ಕಿಲೋ ಶುದ್ಧ ಜಿಪ್ಸಂ.

ಒಂದು ಎಕರೆಯ ಲೆಕ್ಕ

ಉದಾಹರಣೆಗೆ, ನಿಮ್ಮ ಎರೆ ಹೊಲದ ವರದಿ ಹೀಗಿದೆ ಎಂದು ಇಟ್ಟುಕೊಳ್ಳೋಣ. ಮಣ್ಣಿನ ಒಟ್ಟು ವಿನಿಮಯ ಸಾಮರ್ಥ್ಯ, ಅಂದರೆ ಒಟ್ಟು ಗೂಟಗಳು, 40 ಸೆಂಟಿಮೋಲ್. ಸೋಡಿಯಂ ಹಿಡಿದದ್ದು 8.8. ಇದು 40ರಲ್ಲಿ ಶೇಕಡಾ 22 ಆಯಿತು. ಇದನ್ನು ಶೇಕಡಾ 10ಕ್ಕೆ ಇಳಿಸಬೇಕು. 40ರಲ್ಲಿ ಶೇಕಡಾ 10 ಎಂದರೆ 4. ಹಾಗಾದರೆ ಬಿಡಿಸಬೇಕಾದ ಸೋಡಿಯಂ 8.8ರಲ್ಲಿ 4 ಕಳೆದು 4.8.

774 × 4.8 = 3,715 ಕಿಲೋ ಶುದ್ಧ ಜಿಪ್ಸಂ.

ಗಣಿಯಿಂದ ಬರುವ ಜಿಪ್ಸಂ ಪೂರ್ತಿ ಶುದ್ಧವಿರುವುದಿಲ್ಲ, ಮಣ್ಣು ಮರಳು ಕೂಡಿರುತ್ತದೆ. ಶುದ್ಧತೆ ಶೇಕಡಾ 80 ಇದ್ದರೆ 3,715ನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿ. 4,644 ಕಿಲೋ ಬರುತ್ತದೆ. 50 ಕಿಲೋ ಚೀಲವಾದರೆ ಸುಮಾರು 93 ಚೀಲ.

ಹತ್ತು ಚೀಲ ಹಾಕಿ "ಜಿಪ್ಸಂ ಕೆಲಸ ಮಾಡಲಿಲ್ಲ" ಎಂದು ಬೇಸರಪಡುವವರ ತಪ್ಪು ಎಲ್ಲಿದೆ ಎಂಬುದು ಈಗ ತಿಳಿಯಿತಲ್ಲವೇ? ಜಿಪ್ಸಂ ತನ್ನ ಪಾಲಿನ ಕೆಲಸ ಮಾಡಿಯೇ ಇರುತ್ತದೆ. 93 ಚೀಲದ ಕೆಲಸವನ್ನು 10 ಚೀಲ ಮಾಡಲಾರದು, ಅಷ್ಟೇ.

ಅಷ್ಟೊಂದು ಹಣ ಒಮ್ಮೆಗೇ ಎಲ್ಲಿಂದ ತರುವುದು ಎಂದು ಹೆದರಬೇಕಾಗಿಲ್ಲ. ಮೂರು ದಾರಿಗಳಿವೆ. ಒಂದು, ಭತ್ತ ಬೆಳೆಯುವ ಕ್ಷಾರ ಭೂಮಿಗೆ ಲೆಕ್ಕದ ಅರ್ಧದಷ್ಟನ್ನು ಹಾಕಿ ಆರಂಭಿಸುವ ಪದ್ಧತಿ ನಮ್ಮ ದೇಶದಲ್ಲಿ ಚೆನ್ನಾಗಿ ನಡೆದುಬಂದಿದೆ. ನಿಂತ ನೀರು, ಭತ್ತದ ಬೇರು, ಕೊಳೆಯುವ ಹಸಿರೆಲೆ ಇವು ಎರೆ ಮಣ್ಣಿನಲ್ಲೇ ಇರುವ ಸುಣ್ಣದ ಹರಳನ್ನು ನಿಧಾನವಾಗಿ ಕರಗಿಸಿ ಉಳಿದ ಕೆಲಸಕ್ಕೆ ನೆರವಾಗುತ್ತವೆ. ಎರಡು, ಇಡೀ ಹೊಲಕ್ಕೆ ಹಾಕದೆ ಕೆಟ್ಟ ಜಾಗವನ್ನಷ್ಟೇ ಅಳೆದು ಹಾಕಿ. ಕಾಲು ಎಕರೆ ಬೋಳಾಗಿದ್ದರೆ ಲೆಕ್ಕವೂ ಕಾಲು. ಮೂರು, ರಿಯಾಯಿತಿ ದರದಲ್ಲಿ ಜಿಪ್ಸಂ ಬಂದಿದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಜಿಪ್ಸಂ ಬದಲು ಸುಣ್ಣ ಹಾಕುವ ತಪ್ಪನ್ನು ಮಾಡಬೇಡಿ. ಸುಣ್ಣ ಹುಳಿ ಮಣ್ಣಿನ ಮದ್ದು, ಕ್ಷಾರ ಮಣ್ಣಿನದಲ್ಲ. ಮಣ್ಣಿನಲ್ಲಿ ಸುಣ್ಣದ ಹರಳು ಚೆನ್ನಾಗಿದ್ದರೆ ಗಂಧಕವನ್ನು ಬಳಸಬಹುದು. ಒಂದು ಮೋಲ್ ಗಂಧಕ 32 ಗ್ರಾಂ, ಅದು ಮಾಡುವ ಕೆಲಸ ಒಂದು ಮೋಲ್ ಜಿಪ್ಸಮ್ಮಿನದು, ಅಂದರೆ 172 ಗ್ರಾಮಿನದು. ಹೀಗೆ ಒಂದು ಕಿಲೋ ಗಂಧಕ ಸುಮಾರು 5.4 ಕಿಲೋ ಜಿಪ್ಸಮ್ಮಿಗೆ ಸಮ. ಮಣ್ಣಿನ ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲವಾಗಿ ಬದಲಿಸಬೇಕಾದ್ದರಿಂದ ಕೆಲಸ ನಿಧಾನ. ಎರಡರ ದರವನ್ನೂ ಈ ಅಂಕಿಯೊಂದಿಗೆ ಹೋಲಿಸಿ ಯಾವುದು ಅಗ್ಗ ಎಂದು ನೀವೇ ತೀರ್ಮಾನಿಸಿ.

ಬಿಡಿಸಿದ ಸೋಡಿಯಂ ಎಲ್ಲಿಗೆ ಹೋಗಬೇಕು?

ಇಡೀ ಲೆಕ್ಕದಲ್ಲಿ ಬಹಳ ಜನ ಬಿಟ್ಟುಬಿಡುವ ಭಾಗ ಇದೇ. ಗೂಟದಿಂದ ಬಿಚ್ಚಿದ ದನ ಅಂಗಳದಲ್ಲೇ ನಿಂತರೆ ಮತ್ತೆ ಒಳಗೆ ನುಗ್ಗುತ್ತದೆ. ಹಾಗೆಯೇ ಕಣದಿಂದ ಬಿಟ್ಟ ಸೋಡಿಯಂ ಜಿಪ್ಸಮ್ಮಿನ ಗಂಧಕಾಂಶದ ಜೊತೆ ಕೂಡಿ ಸೋಡಿಯಂ ಸಲ್ಫೇಟ್ ಎಂಬ ಉಪ್ಪಾಗಿ ಗದ್ದೆಯ ನೀರಿನಲ್ಲಿ ಉಳಿಯುತ್ತದೆ.

ಎಷ್ಟು ಉಪ್ಪು? ಎರಡು ಸೋಡಿಯಂ 46, ಗಂಧಕ 32, ನಾಲ್ಕು ಆಮ್ಲಜನಕ 64, ಒಟ್ಟು 142. ಒಂದು ಮೋಲ್ ಜಿಪ್ಸಮ್ಮಿಗೆ ಒಂದು ಮೋಲ್ ಈ ಉಪ್ಪು. 172 ಕಿಲೋ ಹಾಕಿದರೆ 142 ಕಿಲೋ ಹುಟ್ಟುತ್ತದೆ. ನಮ್ಮ ಉದಾಹರಣೆಯ 3,715 ಕಿಲೋ ಶುದ್ಧ ಜಿಪ್ಸಮ್ಮಿಗೆ ಸುಮಾರು 3,067 ಕಿಲೋ ಉಪ್ಪು. ಒಂದು ಎಕರೆಯಿಂದ ಮೂರು ಟನ್ ಉಪ್ಪು ಹೊರಗೆ ಹೋಗಬೇಕು! ಅದು ಗಾಳಿಯಲ್ಲಿ ಹಾರಿಹೋಗುವುದಿಲ್ಲ. ಬಸಿಗಾಲುವೆ ಇಲ್ಲದ ಗದ್ದೆಗೆ ಜಿಪ್ಸಂ ಹಾಕುವುದೆಂದರೆ ಒಂದು ರೋಗ ಕಳೆದು ಇನ್ನೊಂದನ್ನು ಕಟ್ಟಿಕೊಂಡಂತೆ. ಆದುದರಿಂದ ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ.

ನೀರಿನ ಲೆಕ್ಕವನ್ನೂ ನೋಡಿರಿ. ಜಿಪ್ಸಂ ಉಪ್ಪಿನಂತೆ ಸರಸರ ಕರಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2.5 ಗ್ರಾಂ. 3,715 ಕಿಲೋ ಕರಗಲು ಸುಮಾರು 15 ಲಕ್ಷ ಲೀಟರ್ ನೀರು ಬೇಕಾಗುತ್ತದೆ. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ ಸುಮಾರು 40 ಸಾವಿರ ಲೀಟರ್. ಅಂದರೆ ಒಟ್ಟು 37 ಸೆಂಟಿಮೀಟರ್, ಒಂದು ಅಡಿಗೂ ಮೇಲೆ. ಒಂದೇ ಸಲ ನಿಲ್ಲಿಸಬೇಕೆಂದಲ್ಲ. ನಾಲ್ಕೈದು ಸಲ ನಿಲ್ಲಿಸಿ, ಇಂಗಿಸಿ, ಬಸಿಯಲು ಬಿಡಬೇಕು. ಮಣ್ಣಿನಲ್ಲಿ ಸೋಡಿಯಂ ಇದ್ದಾಗ ಜಿಪ್ಸಂ ಇನ್ನೂ ಕೊಂಚ ಚುರುಕಾಗಿ ಕರಗುತ್ತದೆಯಾದರೂ ನೀರಿಲ್ಲದ ಕಡೆ ಅದು ಬರೀ ಪುಡಿಯಾಗಿಯೇ ಉಳಿಯುತ್ತದೆ. ಕಾಲುವೆಯ ಕೊನೆಯ ಭಾಗದಲ್ಲಿರುವವರು ನೀರು ಖಚಿತವಾದ ಮೇಲೆಯೇ ಜಿಪ್ಸಂ ಖರೀದಿಗೆ ಕೈಹಾಕುವುದು ಲೇಸು.

ಹಾಕುವ ಕ್ರಮ

ಮಣ್ಣಿನ ಮಾದರಿಯಿಂದಲೇ ಎಚ್ಚರಿಕೆ ಬೇಕು. ಕೆಟ್ಟ ಜಾಗದ ಮಣ್ಣನ್ನು ಒಳ್ಳೆಯ ಜಾಗದ ಮಣ್ಣಿನೊಂದಿಗೆ ಬೆರೆಸಬೇಡಿ. ಎಂಟು ಹತ್ತು ಕಡೆ ಅರ್ಧ ಅಡಿ ಆಳದವರೆಗೆ ತೆಗೆದು, ಕೂಡಿಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಳಿಸಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಬೇಡಿ. ಅದರಲ್ಲಿ ಉಳಿದ ಚೂರು ಗೊಬ್ಬರ ಇಡೀ ವರದಿಯನ್ನೇ ಕೆಡಿಸುತ್ತದೆ.

ಜಮೀನನ್ನು ಮಟ್ಟ ಮಾಡಿ, ಮಡಿ ಕಟ್ಟಿ, ಬದು ಭದ್ರಪಡಿಸಿ, ಬಸಿಗಾಲುವೆಯ ಹೂಳು ತೆಗೆಯಿರಿ. ಬೇಸಿಗೆಯ ಕೊನೆಯಲ್ಲಿ ಜಿಪ್ಸಂ ಪುಡಿಯನ್ನು ಸಮನಾಗಿ ಹರಡಿ. ಹೆಂಟೆಯಿದ್ದರೆ ಒಡೆದು ಪುಡಿ ಮಾಡಿ. ಕುಂಟೆ ಹೊಡೆದು ಮೇಲಿನ ನಾಲ್ಕು ಅಂಗುಲ ಮಣ್ಣಿನಲ್ಲಿ ಬೆರೆಸಿ. ಆಳವಾಗಿ ಉತ್ತು ಹೂಳಬೇಡಿ. ಕಾಲುವೆ ನೀರು ಬಂದ ಕೂಡಲೆ ಹತ್ತು ಹದಿನೈದು ದಿನ ನಿಲ್ಲಿಸಿ ಬಸಿದು ತೆಗೆದು, ಹೊಸ ನೀರು ಕಟ್ಟಿ ನಾಟಿ ಮಾಡಿ. ಡಯಂಚ ಬೆಳೆದು ಮಣ್ಣಿಗೆ ಸೇರಿಸಿದರೆ, ತಿಪ್ಪೆಗೊಬ್ಬರ ಕೊಟ್ಟರೆ ಕೆಲಸ ಬೇಗ ಸಾಗುತ್ತದೆ. ಮರುವರ್ಷ ಮತ್ತೆ ಮಣ್ಣು ಪರೀಕ್ಷೆ ಮಾಡಿಸಿ ಸೋಡಿಯಂ ಎಷ್ಟು ಇಳಿಯಿತು ಎಂದು ನೋಡಿ.

ಕೊಳವೆಬಾವಿಯವರಿಗೂ ಇದೇ ಲೆಕ್ಕ

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಮತ್ತು ಕೊಪ್ಪಳದ ಒಣಭೂಮಿಯಲ್ಲಿ ಕಾಲುವೆಯಿಲ್ಲ, ಕೊಳವೆಬಾವಿಯೇ ಗತಿ. ಕಾಲುವೆಯಿಲ್ಲದ ಮೇಲೆ ಈ ರೋಗವೂ ಇಲ್ಲ ಎನ್ನುವಂತಿಲ್ಲ. ಕೆಲವು ಬಾವಿಗಳ ನೀರಿನಲ್ಲೇ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುತ್ತದೆ. ಅಂಥ ನೀರು ಕಟ್ಟುತ್ತಾ ಹೋದರೆ ಒಳ್ಳೆಯ ಮಣ್ಣೂ ಕ್ಷಾರವಾಗುತ್ತದೆ.

ನೀರಿನ ವರದಿಯಲ್ಲಿ "ಉಳಿಕೆ ಸೋಡಿಯಂ ಕಾರ್ಬೊನೇಟ್" ಎಂಬ ಸಾಲನ್ನು ನೋಡಿ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಭಯವಿಲ್ಲ. 2.5 ದಾಟಿದರೆ ನೀರು ಬೇಸಾಯಕ್ಕೆ ತಕ್ಕುದಲ್ಲ. ಒಂದು ಮಿಲಿ ಈಕ್ವಿವಲೆಂಟ್ ತಗ್ಗಿಸಲು ಬೇಕಾದ ಜಿಪ್ಸಂ ಲೀಟರಿಗೆ 86 ಮಿಲಿಗ್ರಾಂ. 172ರ ಅರ್ಧವೇ ಇಲ್ಲಿಯೂ ಬಂತು ನೋಡಿ.

ವರದಿಯಲ್ಲಿ 6 ಬಂದಿದೆ, 2ಕ್ಕೆ ಇಳಿಸಬೇಕು ಎನ್ನೋಣ. ತಗ್ಗಿಸಬೇಕಾದ್ದು 4. ಲೀಟರಿಗೆ 344 ಮಿಲಿಗ್ರಾಂ. ಎಕರೆಗೆ ಎರಡು ಅಂಗುಲದಂತೆ ಒಂದು ಸಲ ಕಟ್ಟುವ ನೀರು ಸುಮಾರು 2 ಲಕ್ಷ ಲೀಟರ್. ಹಾಗಾದರೆ ಒಂದು ನೀರಿಗೆ ಸುಮಾರು 69 ಕಿಲೋ ಶುದ್ಧ ಜಿಪ್ಸಂ, ಶೇಕಡಾ 80 ಶುದ್ಧತೆಯದಾದರೆ 86 ಕಿಲೋ. ಬೆಳೆಗೆ ಎಷ್ಟು ನೀರು ಕೊಡುತ್ತೀರೋ ಅಷ್ಟರಿಂದ ಗುಣಿಸಿ ಒಟ್ಟನ್ನು ಹೊಲಕ್ಕೆ ಹಾಕಬಹುದು. ಇಲ್ಲವೆ ಬಾವಿಯ ನೀರನ್ನು ಜಿಪ್ಸಂ ಹರಳು ತುಂಬಿದ ತೊಟ್ಟಿಯ ಮೂಲಕ ಹರಿಸಬಹುದು. ದಾಳಿಂಬೆಗೆ ಹನಿ ನೀರಾವರಿ ಮಾಡಿಕೊಂಡವರು ಕೊಳವೆಯೊಳಗೆ ಜಿಪ್ಸಂ ಬಿಡಬಾರದು, ತೂತು ಕಟ್ಟಿಕೊಳ್ಳುತ್ತದೆ. ಗಿಡದ ಬುಡದ ಮಣ್ಣಿಗೆ ಹಾಕಬೇಕು.

ಶೇಂಗಾ ಬೆಳೆಯುವವರಿಗೆ ಎಕರೆಗೆ 200 ಕಿಲೋ ಜಿಪ್ಸಂ ಎಂದು ಹೇಳುವುದುಂಟು. ಹೂ ಬಿಟ್ಟು ಕಾಯಿಯ ಸೂಜಿ ಮಣ್ಣಿಗಿಳಿಯುವ ಹೊತ್ತಿಗೆ ಅದನ್ನು ಕೊಡುತ್ತಾರೆ. 172ರಲ್ಲಿ 40 ಕ್ಯಾಲ್ಸಿಯಂ, 32 ಗಂಧಕ ಎಂಬ ಲೆಕ್ಕದಂತೆ ಶುದ್ಧ ಜಿಪ್ಸಂ 200 ಕಿಲೋದಲ್ಲಿ ಸುಮಾರು 46 ಕಿಲೋ ಕ್ಯಾಲ್ಸಿಯಂ, 37 ಕಿಲೋ ಗಂಧಕ ಇರುತ್ತದೆ. ಇದು ಕಾಯಿ ತುಂಬಲು ಕೊಡುವ ಆಹಾರ. ಕ್ಷಾರ ಭೂಮಿ ತಿದ್ದುವ ಪ್ರಮಾಣವೇ ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಅಂಗಡಿಯ ಚೀಲ ಓದುವಾಗ

ಕ್ಷಾರ ಭೂಮಿಯಲ್ಲಿ ಭತ್ತಕ್ಕೆ ಸತುವಿನ ಕೊರತೆ ಸಾಮಾನ್ಯ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಎಂಬ ಮಾತನ್ನು ನೀವು ಕೇಳಿದ್ದೀರಿ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದರ ಅಣುವಿನಲ್ಲಿ ಏಳು ನೀರು ಕಟ್ಟಿಕೊಂಡಿರುತ್ತವೆ, ಇನ್ನೊಂದರಲ್ಲಿ ಒಂದೇ ನೀರು. ಮೊದಲನೆಯದರ ಒಂದು ಮೋಲ್ 287.4 ಗ್ರಾಂ, ಎರಡನೆಯದರದು 179.4 ಗ್ರಾಂ. ಎರಡರಲ್ಲೂ ಸತು ಅದೇ 65.4 ಗ್ರಾಂ. ಆದ್ದರಿಂದಲೇ ಒಂದರ ಚೀಲದ ಮೇಲೆ ಸತು ಶೇಕಡಾ 21, ಇನ್ನೊಂದರ ಮೇಲೆ ಶೇಕಡಾ 33 ಎಂದಿರುತ್ತದೆ. 10 ಕಿಲೋ ಎಂದು ಹೇಳಿದ್ದು ಏಳು ನೀರಿನದಕ್ಕೆ. ಒಂದು ನೀರಿನದಾದರೆ ಸುಮಾರು 6.4 ಕಿಲೋ ಸಾಕು. ಚೀಲದ ಬೆಲೆಗಿಂತ ಒಳಗಿರುವ ಸತುವಿನ ಕಿಲೋ ಬೆಲೆಯನ್ನು ಹೋಲಿಸಿ ಕೊಳ್ಳಿ.

ಯೂರಿಯದ ಒಂದು ಮೋಲ್ 60 ಗ್ರಾಂ, ಅದರಲ್ಲಿ ಎರಡು ಸಾರಜನಕ, 28 ಗ್ರಾಂ. ಚೀಲದ ಮೇಲಿನ ಶೇಕಡಾ 46 ಹುಟ್ಟಿದ್ದು ಇಲ್ಲಿಂದ. ಅಮೋನಿಯಂ ಸಲ್ಫೇಟಿನಲ್ಲಿಯೂ ಸಾರಜನಕ ಎರಡೇ, ಆದರೆ ಮೋಲಿನ ತೂಕ 132 ಗ್ರಾಂ. 2018ರಿಂದ ಯೂರಿಯ ಚೀಲ 45 ಕಿಲೋ ಆಗಿದೆ. ಒಂದು ಚೀಲದಲ್ಲಿ 20.7 ಕಿಲೋ ಸಾರಜನಕ. ಅಷ್ಟೇ ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಸುಮಾರು 100 ಕಿಲೋ ಬೇಕು. ಹಳೆಯ 50 ಕಿಲೋ ಲೆಕ್ಕದಲ್ಲೇ ಯೂರಿಯ ಚೀಲ ಎಣಿಸುವವರು ಇದನ್ನು ಗಮನಿಸಬೇಕು.

ನೆನಪಿನಲ್ಲಿಡಿ

ವರದಿಯ ಸೋಡಿಯಂ ಅಂಕಿಯಲ್ಲಿ ಉಳಿಯಬಹುದಾದ ಪಾಲನ್ನು ಕಳೆಯಿರಿ. ಉಳಿದುದನ್ನು 774ರಿಂದ ಗುಣಿಸಿ. ಜಿಪ್ಸಮ್ಮಿನ ಶುದ್ಧತೆಗೆ ತಕ್ಕಂತೆ ಹೆಚ್ಚಿಸಿ. ಕೆಟ್ಟ ಜಾಗ ಎಷ್ಟು ಎಕರೆಯೋ ಅಷ್ಟರಿಂದ ಗುಣಿಸಿ. ಹೀಗೆ ಬಂದ ಅಂಕಿಯನ್ನು ಬರೆದುಕೊಂಡು ವರದಿಯೊಂದಿಗೆ ಸಂಶೋಧನಾ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ, ತಜ್ಞರಿಗೆ ತೋರಿಸಿ, ಮೊದಲ ವರ್ಷ ಎಷ್ಟು ಹಾಕಬೇಕೆಂದು ಕೇಳಿ.

ಹೋಗುವ ಮೊದಲು ಗದ್ದೆಯ ಕೆಳಬದುವಿನಲ್ಲಿ ನಿಂತು ಒಮ್ಮೆ ನೋಡಿ. ಆ ಮೂರು ಟನ್ ಉಪ್ಪು ಹರಿದುಹೋಗಲು ದಾರಿಯಿದೆಯೇ? ಇಲ್ಲದಿದ್ದರೆ ಜಿಪ್ಸಮ್ಮಿಗೆ ಕೂಡಿಟ್ಟ ಹಣದಲ್ಲಿ ಮೊದಲು ಬಸಿಗಾಲುವೆ ತೋಡಿಸಿ. ಕೆಳಗಿನ ಗದ್ದೆಯವರನ್ನೂ ಕರೆದು ಮಾತಾಡಿ. ನಿಮ್ಮ ಗದ್ದೆಯಿಂದ ಬಸಿದ ನೀರು ಅವರ ಗದ್ದೆಯಲ್ಲಿ ನಿಲ್ಲಬಾರದು. ಬಸಿಗಾಲುವೆ ಹಳ್ಳ ಮುಟ್ಟುವವರೆಗೆ ಎಲ್ಲರೂ ಕೂಡಿ ಮಾಡಬೇಕಾದ ಕೆಲಸವಿದು.